ಬುಡ ಬಿಡಿಸಿ ನೋಡದೆ ಸಹಿ ಹಾಕುವುದಿಲ್ಲ: ಮುಂಬಯಿಯ ಮರಗಳ ತಪಾಸಣೆಯಲ್ಲಿ ನನ್ನ ಅನುಭವ

ಮಾಟುಂಗದ ಒಂದು ಹೌಸಿಂಗ್ ಸೊಸೈಟಿಯ ಹಿತ್ತಿಲಿನಲ್ಲಿದ್ದ ಗುಲ್‌ಮೊಹರ್ ಮರವು 2021ರ ಮೇ 17ರಂದು, ತೌಕ್ತೆ ಚಂಡಮಾರುತ ಮುಂಬಯಿಯ ಪಕ್ಕದ ಕಡಲಿನಲ್ಲಿ ಹಾದುಹೋದ ದಿನ, ನಾನು ವರದಿಯಲ್ಲಿ ಬರೆದುಕೊಟ್ಟಿದ್ದ ದಿಕ್ಕಿಗೇ ಬುಡಸಮೇತ ಒರಗಿ ಬಿತ್ತು. ಅದರ ಕೆಳಗೆ ಒಂದೂ ವಾಹನವಿರಲಿಲ್ಲ, ಏಕೆಂದರೆ ಸುಮಾರು ಹತ್ತು ವಾರಗಳ ಹಿಂದೆಯೇ ಆ ಜಾಗವನ್ನು ಖಾಲಿ ಮಾಡಿಸಿ ಹಗ್ಗ ಕಟ್ಟಿಸಿದ್ದೆ. ಅದೇ ಆವರಣದ ಮಾವಿನ ಮರ, ಟೊಳ್ಳಾಗಿದೆ, ಕಡಿಯಲೇಬೇಕು ಎಂದು ಇನ್ನೊಬ್ಬ ಗುತ್ತಿಗೆದಾರರು ತೀರ್ಮಾನಿಸಿದ್ದ ಮರ, ಗಂಟೆಗೆ 100 ಕಿಲೋಮೀಟರ್ ಮೀರಿದ ಆ ಗಾಳಿಯಲ್ಲಿ ಕೆಲವು ಕಾಯಿಗಳನ್ನು ಕಳೆದುಕೊಂಡು ನಿಂತೇ ಇತ್ತು. ಎರಡೂ ಮರಗಳ ವಿಷಯದಲ್ಲಿ ನನ್ನ ಮಾತನ್ನು ನಂಬಿದವರು ಬಹಳ ಕಡಿಮೆ. ಆ ತೀರ್ಮಾನಕ್ಕೆ ಹೇಗೆ ಬಂದೆನೆಂದು ಈಗ ಜೊತೆಗಾರರು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಶಿರಸಿಯ ಕಡೆಯ ಅಡಿಕೆ ತೋಟದಲ್ಲಿ. ಅಣಬೆ ರೋಗ ತಗುಲಿದ ಅಡಿಕೆ ಮರದ ಬುಡದಲ್ಲಿ ಅಣಬೆ ಮೂಡುವ ಹೊತ್ತಿಗೆ ಆ ಮರ ನಮ್ಮ ಕೈಬಿಟ್ಟಿರುತ್ತದೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಮುಂಬಯಿಗೆ ಬಂದು ಈ ಕೆಲಸ ಹಿಡಿದ ಮೇಲೆ ಮೊದಲ ಆರೇಳು ವರ್ಷ ನಾನು ಅದನ್ನು ಮರೆತು, ಕತ್ತೆತ್ತಿ ನೋಡುವುದರಲ್ಲೇ ಕಾಲ ಕಳೆದೆ. ಎಲೆ ದಟ್ಟವಾಗಿದೆಯೇ, ತುದಿಗಳು ಒಣಗಿವೆಯೇ, ಕವಲಿನಲ್ಲಿ ಬಿರುಕಿದೆಯೇ, ಹಳೆಯ ಕಡಿತದ ಗಾಯ ಮುಚ್ಚಿದೆಯೇ ಎಂದು ನೋಡಿ, ದುರ್ಬೀನಿನಿಂದ ಕೊಂಬೆಗಳನ್ನು ಎಣಿಸಿ, ವರದಿ ಬರೆದು ಹಣ ಪಡೆಯುತ್ತಿದ್ದೆ.

2017ರ ಜುಲೈಯಲ್ಲಿ ಅದರ ಬೆಲೆ ತೆತ್ತೆ. ಮುಲುಂಡಿನ ಒಂದು ಸೊಸೈಟಿಯಲ್ಲಿ ಮೇ ತಿಂಗಳಿನಲ್ಲಷ್ಟೇ ನಾನು ‘ಸುರಕ್ಷಿತ’ ಎಂದು ಬರೆದಿದ್ದ ಮಳೆಮರ, ಮೂರು ದಿನ ಬಿಡದೆ ಸುರಿದ ಮಳೆಯ ಮೇಲೆ ಬೇರಿನ ಹಾಸನ್ನೇ ಎತ್ತಿಕೊಂಡು ಕಾಂಪೌಂಡ್ ಗೋಡೆಯ ಮೇಲೆ ಮಲಗಿತು. ಆ ವರ್ಷಗಳಲ್ಲಿ ನಗರದ ಎಷ್ಟೋ ಮಳೆಮರಗಳು ಹಿಟ್ಟು ತಿಗಣೆಯ ಕಾಟದಿಂದ ಒಣಗುತ್ತಿದ್ದುದರಿಂದ ನಾವೆಲ್ಲ ಆ ಜಾತಿಯ ಎಲೆಗಳನ್ನೇ ನೋಡುತ್ತಿದ್ದೆವು, ಮತ್ತು ಈ ಮರದ ಎಲೆಗಳು ನಿರ್ಮಲವಾಗಿದ್ದವು. ಬಿದ್ದ ಮೇಲೆ ನೋಡಿದರೆ, ಒಂದು ಬದಿಯ ಬೇರುಗಳನ್ನೆಲ್ಲ ಎಂದೋ ಕೇಬಲ್ಲಿನ ಕಾಲುವೆಗಾಗಿ ನೇರ ಗೆರೆ ಎಳೆದಂತೆ ಕತ್ತರಿಸಿ, ಮೇಲೆ ಪೇವರ್ ಬ್ಲಾಕ್ ಹಾಸಲಾಗಿತ್ತು, ಮತ್ತು ಆ ಕಡಿದ ತುದಿಗಳಿಂದ ಲಡ್ಡು, ಅಂದರೆ ಕಟ್ಟಿಗೆಯ ಕೊಳೆತ, ಕಾಂಡದ ಅಡಿಯವರೆಗೆ ಬಂದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಗೋಡೆಯ ದುರಸ್ತಿಗೆ ನನ್ನ ಕೈಯಿಂದ ಹೆಚ್ಚುಕಡಿಮೆ 40,000 ರೂಪಾಯಿ ಕೊಟ್ಟೆ, ಆ ಸೊಸೈಟಿಯ ಕೆಲಸವೂ ಹೋಯಿತು.

ಆ ಭಯದಲ್ಲಿ ಮಾಡಿದ ಎರಡನೆಯ ತಪ್ಪು ಯಂತ್ರದ್ದು. ಸಣ್ಣ ಸೂಜಿಯಂಥ ಡ್ರಿಲ್ ತೂರಿಸಿ ಕಟ್ಟಿಗೆಯ ಪ್ರತಿರೋಧವನ್ನು ಗೆರೆಯಾಗಿ ತೋರಿಸುವ ಯಂತ್ರವನ್ನು ಪುಣೆಯಿಂದ ಬಾಡಿಗೆಗೆ ತಂದು, ಎರಡು ಹಂಗಾಮಿನಲ್ಲಿ 60,000 ರೂಪಾಯಿಯಷ್ಟು ಸುರಿದೆ. ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಅದು ಕೊರೆದ ಜಾಗದ ಮಾತನ್ನು ಮಾತ್ರ ಹೇಳುತ್ತದೆ, ಮತ್ತು ನಾನು ನಿಂತು ಕೊರೆಯಲು ಅನುಕೂಲವೆಂದು ಎದೆಯ ಎತ್ತರದಲ್ಲೇ ಕೊರೆಯುತ್ತಿದ್ದೆ. ಮುಂಬಯಿಯ ಬೀದಿಮರಗಳ ರೋಗ ಹೆಚ್ಚಾಗಿ ಮೊಣಕಾಲಿಗಿಂತ ಕೆಳಗಿರುತ್ತದೆ. ಎಲ್ಲಿ ಕೊರೆಯಬೇಕೆಂದು ಕಣ್ಣು ಮತ್ತು ಕಿವಿ ಮೊದಲು ಹೇಳಿದ ಮೇಲಷ್ಟೇ ಈಗ ಯಂತ್ರ ತರಿಸುತ್ತೇನೆ, ವರ್ಷಕ್ಕೆ ನಾಲ್ಕೈದು ಮರಗಳಿಗೆ ಮಾತ್ರ.

2018ರಿಂದ ನನ್ನ ಕ್ರಮ ಬದಲಾಯಿತು. ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಬುಡದ ಸುತ್ತ ಎರಡಡಿ ಅಗಲಕ್ಕೆ ಪೇವರ್, ಮಣ್ಣು, ಹಳೆಯ ಸಿಮೆಂಟ್ ಎಲ್ಲವನ್ನೂ ತೆಗೆಸಿ, ಬೇರುಗಳು ಕಾಂಡದಿಂದ ಅಗಲಗೊಳ್ಳುವ ಜಾಗ ಕಾಣುವವರೆಗೆ ಕರಣೆಯಿಂದ ಬಿಡಿಸುತ್ತೇನೆ. ಗುದ್ದಲಿಯನ್ನು ಕಾಂಡದಿಂದ ಒಂದಡಿಯೊಳಗೆ ಬರಗೊಡುವುದಿಲ್ಲ. ತೋಟದ ಕೆಲಸದವರು ವರ್ಷವರ್ಷವೂ ಮಣ್ಣು ಏರಿಸುವುದರಿಂದ ಕೆಲವು ಮರಗಳಲ್ಲಿ ಈ ಜಾಗ ಒಂದೂವರೆ ಅಡಿ ಕೆಳಗೆ ಹೂತುಹೋಗಿರುತ್ತದೆ, ಮತ್ತು ಕಾಂಡವು ಕಂಬದಂತೆ ನೇರವಾಗಿ ನೆಲದೊಳಗೆ ಇಳಿದಂತೆ ಕಂಡರೆ ನನಗೆ ಅದೇ ಮೊದಲ ಸಂಶಯ. ಇಲ್ಲಿ ಮರದ ಬುಡಕ್ಕೆ ಕೆಮ್ಮಣ್ಣು ಮತ್ತು ಸುಣ್ಣ ಬಳಿಯುವ ಪದ್ಧತಿಯೂ ಇದೆ. ಆ ಬಣ್ಣದ ಕೆಳಗೆ ಬಿರುಕು, ಗೆದ್ದಲಿನ ಮಣ್ಣು, ರಸ ಒಸರಿದ ಕಲೆ ಎಲ್ಲವೂ ಅಡಗುತ್ತವೆ, ಆದ್ದರಿಂದ ತೆಂಗಿನ ನಾರಿನ ಬ್ರಷ್ಷಿನಿಂದ ಅದನ್ನು ಉಜ್ಜಿಸುತ್ತೇನೆ. ನಂತರ ಬೇರುಗಳ ಮೇಲ್ಭಾಗವನ್ನಲ್ಲ, ಅಡಿಭಾಗವನ್ನು ತುದಿ ಮೊಂಡಾದ ಆರು ಮಿಲಿಮೀಟರ್ ಕಬ್ಬಿಣದ ಸರಳಿನಿಂದ ಒತ್ತಿ ನೋಡುತ್ತೇನೆ. ಮೇಲೆ ಗಟ್ಟಿಯಿದ್ದು ಅಡಿಯಲ್ಲಿ ಲಡ್ಡಾಗಿರುವ ಬೇರುಗಳನ್ನು ಎಷ್ಟು ಕಂಡಿದ್ದೇನೆಂದರೆ, ಮೇಲಿನಿಂದ ಚುಚ್ಚಿ ಬರೆದ ವರದಿಯನ್ನು ಈಗ ನಾನು ಓದುವುದೇ ಇಲ್ಲ.

ಕೊಡತಿಯಿಂದ ಬಡಿದು ಕೇಳುವುದು ಎಲ್ಲರೂ ಮಾಡುವ ಕೆಲಸ. ನಾನು ಸೀಮೆಸುಣ್ಣದಿಂದ ಎಂಟು ದಿಕ್ಕುಗಳಲ್ಲಿ, ನಾಲ್ಕು ಎತ್ತರಗಳಲ್ಲಿ ಗುರುತು ಹಾಕಿ, ಬೆಳಗಿನ ಆರು ಗಂಟೆಯೊಳಗೆ, ವಾಹನಗಳ ಸದ್ದು ಏಳುವ ಮೊದಲು ಬಡಿಯುತ್ತೇನೆ. ಕೊಡತಿಯ ತಲೆ ಯಾವ ಕಟ್ಟಿಗೆಯದು, ಎಡಗೈಯನ್ನು ಆಗ ಕಾಂಡದ ಮೇಲೆ ಎಲ್ಲಿ ಇಟ್ಟಿರುತ್ತೇನೆ ಎಂಬುದನ್ನು ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹುಡುಗರಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಆಲ, ಅರಳಿಗಳಲ್ಲಿ ಮಾತ್ರ ಈ ಸದ್ದನ್ನು ನಂಬಬೇಡಿ, ಬೆಸೆದುಕೊಂಡ ಬೇರುಗಳ ನಡುವಿನ ಸಂದು ಪೊಳ್ಳಿನಂತೆಯೇ ಕೇಳಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಳೆಗಾಲದ ಎರಡನೆಯ ಭೇಟಿ. ಸೊಸೈಟಿಯವರು ಮಳೆಗೆ ಮೊದಲಿನ ತಪಾಸಣೆಗಷ್ಟೇ ಹಣ ಕೊಡುತ್ತಾರೆ, ಆದರೆ ಬೇರು ಮತ್ತು ಬುಡವನ್ನು ಕೊಳೆಸುವ ಗ್ಯಾನೊಡರ್ಮಾ ಎಂಬ ಶಿಲೀಂಧ್ರದ ಅಣಬೆ ಹೊಸದಾಗಿ ಹೊರಬೀಳುವುದು ಜುಲೈ, ಆಗಸ್ಟಿನಲ್ಲಿ. ಮಾಟುಂಗದ ಗುಲ್‌ಮೊಹರಿನ ಬುಡದಲ್ಲಿ 2020ರ ಆಗಸ್ಟಿನಲ್ಲಿ ನಾನು ಕಂಡದ್ದು ಅಣಬೆಯನ್ನಲ್ಲ, ಅಲ್ಲಿದ್ದ ಕ್ರೋಟನ್ ಗಿಡಗಳ ಎಲೆಗಳ ಮೇಲೆ ಕುಳಿತ ಕೋಕೋ ಬಣ್ಣದ ಪುಡಿಯನ್ನು, ಅಂದರೆ ಆ ಅಣಬೆ ಉದುರಿಸಿದ ಬೀಜಕಣಗಳನ್ನು. ಅಣಬೆಗಳನ್ನು ಮಾಲಿ ಅಂದವಾಗಿರಲೆಂದು ವಾರಕ್ಕೊಮ್ಮೆ ಒದ್ದು ತೆಗೆಯುತ್ತಿದ್ದ. ಮುಂದಿನ ಫೆಬ್ರುವರಿಯಲ್ಲಿ ಬುಡ ಬಿಡಿಸಿದಾಗ ದಕ್ಷಿಣದ ಎರಡು ದೊಡ್ಡ ಬೇರುಗಳಿಗೆ ಅಡಿಯಿಂದ ಸರಳು ಒಂದು ಗೇಣು ಇಳಿಯಿತು. ದಕ್ಷಿಣದಲ್ಲಿ ಹಿಡಿತವಿಲ್ಲದ ಮರ ಉತ್ತರಕ್ಕೆ ಬೀಳಬೇಕು, ಅದನ್ನೇ ಬರೆದೆ.

ಏಪ್ರಿಲಿನ ಕೊನೆಗೆ ಮರ ಕೆಂಪಗೆ ಹೂ ಹೊತ್ತು ನಿಂತಾಗ ಸೊಸೈಟಿಯ ಕಾರ್ಯದರ್ಶಿ, ಕುಂದಾಪುರದ ಹಿರಿಯರು, ನನ್ನನ್ನು ಕರೆಸಿ, “ಮೈತುಂಬ ಹೂ ಬಿಟ್ಟ ಮರ ಬೀಳ್ತದೆ ಅಂತ ಹೇಳ್ತೀರಲ್ಲ ಮಾರಾಯ್ರೆ, ಪಾರ್ಕಿಂಗಿಗೆ ಜಾಗ ಇಲ್ಲದೆ ಜನ ನನ್ನ ತಲೆ ತಿನ್ತಾ ಇದ್ದಾರೆ” ಎಂದರು. ಹೂವು ಮತ್ತು ಎಲೆ ಹೊರಗಿನ ಹಸಿ ಕಟ್ಟಿಗೆಯ ಲೆಕ್ಕ, ನಿಲ್ಲುವುದು ಬೇರಿನ ಲೆಕ್ಕ ಎಂದು ಹೇಳಿ, ಮಳೆ ಮುಗಿಯುವವರೆಗೆ ಹಗ್ಗ ಬಿಚ್ಚಬೇಡಿ ಎಂದು ಕೈಮುಗಿದೆ. 1975ರ ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅರ್ಜಿ ಹೋಗಿತ್ತು, ಆದರೆ ಕೋವಿಡ್‌ನ ಎರಡನೆಯ ಅಲೆಯ ನಿರ್ಬಂಧಗಳ ನಡುವೆ ಅದು ಮುಂದೆ ಸಾಗಲಿಲ್ಲ. ಹಗ್ಗ ಹಾಗೇ ಉಳಿದದ್ದು ಅವರು ನನ್ನ ಮೇಲೆ ತೋರಿದ ದೊಡ್ಡ ಉಪಕಾರ.

ಮಾವಿನ ಮರದಲ್ಲಿ ವಾದ ತಿರುವುಮುರುವಾಗಿತ್ತು. ಪೊಟರೆಯಲ್ಲಿ ಗಿಳಿಗಳಿದ್ದವು, ಬಡಿದರೆ ಡೋಲಿನಂಥ ಸದ್ದು. ಸುತ್ತಳತೆ 220 ಸೆಂಟಿಮೀಟರ್ ಆಸುಪಾಸು, ಅಂದರೆ ತ್ರಿಜ್ಯ ಸುಮಾರು 35. ಮೂರು ಕಡೆ ಅಳೆದಾಗ ಗಟ್ಟಿ ಗೋಡೆ 13, 14 ಮತ್ತು 16 ಸೆಂಟಿಮೀಟರ್ ಸಿಕ್ಕಿತು. ಜರ್ಮನಿಯ ಕ್ಲಾಸ್ ಮ್ಯಾಟೆಕ್ ಹೇಳಿದ, ಗೋಡೆಯ ದಪ್ಪ ತ್ರಿಜ್ಯದ 0.3ಕ್ಕಿಂತ (ಇಲ್ಲಿ ಹತ್ತೂವರೆ ಸೆಂಟಿಮೀಟರಿಗಿಂತ) ಕಡಿಮೆಯಾಗಬಾರದೆಂಬ ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ, ಆದರೆ ಟೊಳ್ಳು ಸದ್ದು ಕೇಳಿದೊಡನೆ ಅಳೆಯುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಪೊಟರೆಯ ಬಾಯಿ ಕಿರಿದಾಗಿತ್ತು, ಅದರ ಎರಡೂ ಅಂಚಿನಲ್ಲಿ ಮರ ಹೊಸ ಕಟ್ಟಿಗೆಯನ್ನು ದಿಂಬಿನಂತೆ ಕಟ್ಟಿಕೊಂಡಿತ್ತು. ಕೊಂಬೆಗಳ ತುದಿಭಾರವನ್ನು ಅಂದಾಜು ಆರನೇ ಒಂದು ಪಾಲಿನಷ್ಟು ಇಳಿಸಿ, ಮರ ಇರಲಿ ಎಂದೆ.

ನಾನು ತಪ್ಪಿದ್ದೂ ಇದೆ. 2019ರಲ್ಲಿ ಚೆಂಬೂರಿನ ಒಂದು ಪೆಲ್ಟೊಫೋರಂ (ಹಳದಿ ಹೂವಿನ ಬೀದಿಮರ) ಮರದಲ್ಲಿ ಸದ್ದು ಮಂಕಾಗಿದೆಯೆಂದು ಕಡಿಯಲು ಬರೆದೆ. ಕಡಿದ ಮೇಲೆ ಕಂಡದ್ದು ಅಂಗೈಯಗಲದ ಲಡ್ಡು ಮಾತ್ರ, ಮಂಕು ಸದ್ದು ಸಡಿಲಗೊಂಡಿದ್ದ ತೊಗಟೆಯದ್ದು. ಆ ಮರ ಇನ್ನೂ ಇಪ್ಪತ್ತು ವರ್ಷ ನಿಲ್ಲುತ್ತಿತ್ತು, ಅದರ ಅಡ್ಡಕೊಯ್ತದ ಒಂದು ಬಿಲ್ಲೆಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಅಂದಿನಿಂದ ಸದ್ದೊಂದನ್ನೇ ನಂಬಿ ಯಾವ ಮರವನ್ನೂ ಕಡಿಯಲು ಬರೆದಿಲ್ಲ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಕವಲಿನ ಮೇಲಿನ ಗುಳಿಗೆ ಎರಡು ಲೀಟರ್ ಅರಿಶಿನದ ನೀರು ಹೊಯ್ದು ಅದು ಎಲ್ಲಿ ಹೊರಬರುತ್ತದೆಂದು ಕಾದರೆ, ಒಂದು ನೇರಳೆ ಮರದಲ್ಲಿ ಇಪ್ಪತ್ತು ನಿಮಿಷಕ್ಕೆ ಆರಡಿ ಕೆಳಗಿನ ಹಳೆಯ ಗಾಯದಿಂದ ಹಳದಿ ನೀರು ಒಸರಿತು, ಒಳದಾರಿ ಅಷ್ಟು ಉದ್ದವಿತ್ತು. ಮಳೆ ನಿಂತ ಮೇಲೆ ಕಾಂಡದ ಯಾವ ಪಟ್ಟೆ ಕೊನೆಗೆ ಆರುತ್ತದೆಂದು ನೋಡುವುದು ಇನ್ನೂ ಉಪಯುಕ್ತ, ಎಷ್ಟು ಹೊತ್ತು ಕಾಯಬೇಕೆಂಬುದು ಜಾತಿಯಿಂದ ಜಾತಿಗೆ ಬೇರೆ, ಆ ಪಟ್ಟಿ ನನ್ನ ಬಳಿಯೇ ಇರಲಿ. ಮೊಬೈಲಿನಲ್ಲಿ ಕೊಡತಿಯ ಸದ್ದನ್ನು ದಾಖಲಿಸಿ ಹೋಲಿಸುವ ಪ್ರಯತ್ನಕ್ಕೆ ಮೂರು ತಿಂಗಳು ಕೊಟ್ಟೆ, ಕಿವಿಗಿಂತ ಹೆಚ್ಚಿನದೇನೂ ಸಿಗಲಿಲ್ಲ.

ಖರ್ಚಿನ ಮಾತು. ಬುಡ ಬಿಡಿಸಲು ಇಬ್ಬರಿಗೆ ಅರ್ಧ ದಿನ, ಪೇವರ್ ಮರಳಿ ಹಾಸುವುದು ಸೇರಿ ಮರಕ್ಕೆ 3,000 ರೂಪಾಯಿಯ ಹತ್ತಿರ ಬೀಳುತ್ತದೆ. ಮೊದಲು ಒಂದು ಮರಕ್ಕೆ 1,500 ಪಡೆಯುತ್ತಿದ್ದವನು ಈಗ ಎರಡು ಭೇಟಿಗೆ ಸೇರಿಸಿ 6,500 ಕೇಳುತ್ತೇನೆ. ದರ ಏರಿಸಿದ ಮೊದಲ ವರ್ಷ ಅರ್ಧದಷ್ಟು ಸೊಸೈಟಿಗಳು ಬಿಟ್ಟುಹೋದವು, 2021ರ ಮಳೆಗಾಲದ ನಂತರ ಹೆಚ್ಚಿನವು ಮರಳಿ ಬಂದಿವೆ. ಬುಡ ಬಿಡಿಸಲು ಒಪ್ಪದವರ ಮರಕ್ಕೆ ನಾನು ಸಹಿ ಹಾಕುವುದಿಲ್ಲ.

ಸದ್ಯ ನನ್ನ ಗಮನವಿರುವುದು ಸಯಾನಿನ ಒಂದು ಜೋಡಿಕಾಂಡದ ಮಳೆಮರದ ಮೇಲೆ. ಕವಲಿನ ಸಂದಿನಲ್ಲಿ ತೊಗಟೆ ಒಳಸರಿದಿರುವುದರಿಂದ ಅಲ್ಲಿ ಎರಡು ಕಾಂಡಗಳ ಕಟ್ಟಿಗೆ ಬೆಸೆದಿಲ್ಲ. ಬಿರುಕಿನ ಎರಡು ಬದಿಗೆ ಹಿತ್ತಾಳೆಯ ಮೊಳೆಗಳನ್ನು ಕೂರಿಸಿ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯುತ್ತಿದ್ದೇನೆ. ಎರಡು ವರ್ಷಗಳಲ್ಲಿ ಅಂತರ ಎರಡು ಮಿಲಿಮೀಟರ್ ಹೆಚ್ಚಿದೆ, ಅದರಲ್ಲಿ ಹೆಚ್ಚಿನ ಪಾಲು ಒಂದೇ ಜೂನಿನಲ್ಲಿ. ಮುಂದಿನ ಅಳತೆ ಮೊದಲ ಜೋರು ಗಾಳಿಯ ಮರುದಿನ ಬೆಳಿಗ್ಗೆ, ಅಷ್ಟರೊಳಗೆ ಎರಡೂ ಕಾಂಡಗಳನ್ನು ಸೇರಿಸುವ ಉಕ್ಕಿನ ಕೇಬಲ್ಲಿಗೆ ಸೊಸೈಟಿಯಿಂದ ಒಪ್ಪಿಗೆ ಪಡೆಯಬೇಕಾಗಿದೆ.