ಕಮಿಷನ್ ಬಿಟ್ಟೆ, ಕೂಲಿ ಕೊಟ್ಟೆ: ಪ್ರಪೋಸಲ್ ಬರೆಸಿದ ನನ್ನ ಅನುಭವ

"ರೊಕ್ಕ ಕೊಟ್ಟು ಅರ್ಜಿ ಬರಸೂದೇನ್ರಿ ಅಕ್ಕಾರ?" ಅಂತ ನಮ್ಮ ಖಜಾಂಚಿ ಕೇಳಿದಾಗ ಕಮಿಟಿಯಲ್ಲಿ ಒಬ್ಬರೂ ನನ್ನ ಪರ ಮಾತಾಡಲಿಲ್ಲ. ಅವರು ಹೇಳಿದ್ದರಲ್ಲೂ ತಪ್ಪಿರಲಿಲ್ಲ, ಅದಕ್ಕೆ ಮೊದಲು ಎರಡು ಸಲ ನಾನು ದುಡ್ಡು, ಮರ್ಯಾದೆ ಎರಡನ್ನೂ ಕಳೆದಿದ್ದೆ.

ನಮ್ಮದು ಧಾರವಾಡದ ಸಣ್ಣ ಟ್ರಸ್ಟ್. ನಲವತ್ತರಷ್ಟು ಹೆಣ್ಣುಮಕ್ಕಳು ಕಸೂತಿ ಹಾಕುತ್ತಾರೆ. ತೆರಿಗೆ ವಿನಾಯಿತಿಯ 12ಎ, 80ಜಿ, ಸರ್ಕಾರಿ ನೋಂದಣಿಯ ದರ್ಪಣ್, ಸಿಎಸ್‌ಆರ್-1 ಎಲ್ಲ ಸರಿ ಇತ್ತು. ಕಂಪನಿಗಳು ಸಮಾಜಸೇವೆಗೆ ಕೊಡುವ ಸಿಎಸ್‌ಆರ್ ಹಣಕ್ಕೆ ಮೂರು ವರ್ಷ ಪ್ರಪೋಸಲ್ (ಅರ್ಜಿ) ನಾನೇ ಬರೆದೆ. ಹನ್ನೊಂದೋ ಹನ್ನೆರಡೋ ಕಳಿಸಿರಬೇಕು. ಎರಡಕ್ಕೆ ಉತ್ತರ ಬಂತು, ಎರಡೂ 'ಆಗಲ್ಲ' ಅಂತ.

ಆಮೇಲೆ ಬೇರೆಯವರಿಂದ ಬರೆಸೋಣ ಅಂತ ಹೊರಟೆ. ಮೊದಲು ಸಿಕ್ಕವನದು ಕಮಿಷನ್ ಲೆಕ್ಕ. ಹಣ ಬಂದರೆ ಶೇ. 10, ಬರದಿದ್ದರೆ ಏನೂ ಬೇಡ. ಖಜಾಂಚಿಗೆ ಖುಷಿಯೋ ಖುಷಿ. ಆದರೆ ಆ ಹತ್ತು ಪರ್ಸೆಂಟನ್ನು ಬಜೆಟ್ಟಿನಲ್ಲಿ ಎಲ್ಲಿ ತೋರಿಸೋದು? ಆತ ದಾರದ ಖರ್ಚಿನಲ್ಲಿ ಸೇರಿಸಿಬಿಟ್ಟಿದ್ದ. ಕಂಪನಿಯವರು ಕೊಟೇಶನ್ ಕೇಳಿದರು, ಅಲ್ಲಿಗೆ ಮುಗಿಯಿತು. ಅವರು ಈಗಲೂ ನಮ್ಮ ಫೋನ್ ಎತ್ತಲ್ಲ.

ಎರಡನೆಯವರು ಬೆಂಗಳೂರಿನವರು. 18 ಸಾವಿರ, ಪೂರ್ತಿ ಮುಂಗಡ ಕೊಟ್ಟೆ. ದಡ್ಡತನ ನನ್ನದೇ. ಇಪ್ಪತ್ತು ಪುಟದ ಚೆಂದದ ಇಂಗ್ಲಿಷ್ ಬಂತು, ಬಜೆಟ್ಟಿನಲ್ಲಿ ಆರು ಎಂಬ್ರಾಯ್ಡರಿ ಮಷಿನ್! ಗವಂತಿ, ಮುರ್ಗಿ ಅಂತ ಕಸೂತಿಯ ಹೊಲಿಗೆಗಳನ್ನೆಲ್ಲ ಎಳೆ ಎಣಿಸಿ ಕೈಯಲ್ಲೇ ಹಾಕೋದು, ಗಂಟು ಕಾಣೋ ಹಾಗಿಲ್ಲ. ಓದಿ ಹೇಳಿದಾಗ ನಮ್ಮ ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಮೂರನೇ ಸಲ ಮೂವರನ್ನು ಕರೆದೆ. ತಲಾ 1,500 ಕೊಟ್ಟು ಒಂದೇ ಪುಟ ಬರೆಸಿದೆ. ಷರತ್ತು ಒಂದೇ, ಒಂದು ಮಧ್ಯಾಹ್ನ ನಮ್ಮವರ ಜತೆ ಕೂತು ಎದ್ದು ಬರೆಯಬೇಕು. ಹುಬ್ಬಳ್ಳಿಯ ಹುಡುಗಿಯೊಬ್ಬಳು ಬಂದವಳೇ "ಒಂದು ಸೀರೆಗೆ ಎಷ್ಟು ದಿನ ಹಿಡಿತದ? ಕೈಗೆ ಎಷ್ಟು ಸಿಗ್ತದ?" ಅಂತ ಶುರು ಮಾಡಿದಳು. ನಾನೂ ಮೂವರಿಗೂ ಒಂದೇ ಪ್ರಶ್ನೆ ಕೇಳಿದ್ದೆ, ಉತ್ತರ ಸರಿ ಕೊಟ್ಟವಳು ಇವಳೊಬ್ಬಳೇ. ಆ ಪ್ರಶ್ನೆ ಇಲ್ಲಿ ಹೇಳಲ್ಲ, ನಾಳೆ ಎಲ್ಲರೂ ಓದಿಕೊಂಡೇ ಬಂದುಬಿಡ್ತಾರೆ.

24 ಸಾವಿರಕ್ಕೆ ಒಪ್ಪಂದ. ಶುರುವಿಗೆ 8, ಡ್ರಾಫ್ಟಿಗೆ 8, ಅಪ್‌ಲೋಡ್ ಆದಮೇಲೆ 8. ಹಣ ಬರಲಿ ಬಿಡಲಿ, ಅವಳ ಕೂಲಿ ಅವಳಿಗೆ. ದುಡ್ಡು ನಮ್ಮ ಸೀರೆ ಮಾರಿದ್ದರಿಂದಲೇ ತೆಗೆದೆ.

ಅವಳು ಮೊದಲು ಮಾಡಿದ್ದು ಬರೆಯೋ ಕೆಲಸ ಅಲ್ಲ. ನನ್ನ ಪಟ್ಟಿಯ ಹದಿನಾಲ್ಕು ಕಂಪನಿಗಳಲ್ಲಿ ಒಂಬತ್ತನ್ನು ಹೊಡೆದುಹಾಕಿದಳು. ಸಿಎಸ್‌ಆರ್ ಹಣದಲ್ಲಿ ತಾವಿರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅಂತ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನೇ ಹೇಳುತ್ತೆ ಅಲ್ವಾ? ಗೊತ್ತಿದ್ದೂ ನಾನು ಮುಂಬೈಗೆ ಕಳಿಸುತ್ತಿದ್ದೆ. ನಮ್ಮ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾ ಇಲ್ಲೇ ಇತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದ ಹಾಗೆ.

ನಡುವೆ ನನ್ನದೊಂದು ಪ್ರಯೋಗ. ಗವಂತಿ ಎರಡೂ ಕಡೆ ಒಂದೇ ಥರ ಕಾಣುತ್ತೆ. ಗವಂತಿ ಹೊಲಿಗೆಯ ಒಂದೇ ತುಂಡಿನ ಹಿಂದೆ ಮುಂದೆ ಎರಡೂ ಫೋಟೊ ತೆಗೆದು ಪಕ್ಕಪಕ್ಕ ಹಾಕಿಸಿದೆ. ಕೆಳಗೆ ಒಂದಕ್ಷರವೂ ಇಲ್ಲ. ಭೇಟಿಗೆ ಕರೆದ ಕಂಪನಿಯವರು ಮೊದಲು ಕೇಳಿದ್ದು ಅದನ್ನೇ, "ಇದರಲ್ಲಿ ಮುಂದಿನದು ಯಾವುದು?" ಇದು ಅವಳ ಐಡಿಯಾ ಅಲ್ಲ, ನನ್ನದು. ಸುಮ್ನೆ ಹೇಳಿದೆ.

ಐದು ಕಳಿಸಿದೆವು, ಎರಡು ಬಂತು. ಒಂದು ಆರೂವರೆ ಲಕ್ಷದ ಆಸುಪಾಸು, ಇನ್ನೊಂದು ಎರಡು ಲಕ್ಷದ ಮೇಲೆ ಸ್ವಲ್ಪ. ಮೊನ್ನೆ ಖಜಾಂಚಿ ಫೈಲ್ ಕಟ್ಟುತ್ತಾ ಮೆಲ್ಲಗೆ ಕೇಳಿದರು, "ಆ ಹುಡುಗಿ ಖರ್ಚಿನ ರಿಪೋರ್ಟೂ ಬರೀತಾಳೇನ್ರಿ?"

ಬರೀತಾಳೆ. ಅದಕ್ಕೆ ಬೇರೆ ರೇಟು.