ಯಾವ ಕೋಳಿ ಮೊಟ್ಟೆ ಇಡ್ತಿಲ್ಲ? ನಾನು ಪತ್ತೆ ಮಾಡಿದ್ದು ಹೀಗೆ

ಹನ್ನೆರಡು ಹದಿಮೂರು ಹೇಂಟೆ, ದಿನಕ್ಕೆ ಎರಡೋ ಮೂರೋ ಮೊಟ್ಟೆ. ವಯಸ್ಸಾಯ್ತು, ಎಲ್ಲಾ ಮಾರಿ ಹೊಸ ಬ್ಯಾಚ್ ತನ್ನಿ ಅಂದವರೇ ಜಾಸ್ತಿ. ಎರಡು ವರ್ಷವೂ ತುಂಬದ ಕೋಳಿಗಳು ಸ್ವಾಮಿ! ಈಗ ಅವುಗಳಿಂದಲೇ ಏಳೆಂಟು ಬರುತ್ತಿವೆ. ಮಾರಿ ಅಂದವರೇ ಹೇಗೆ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಕ್ಯಾಲ್ಸಿಯಂ, ವಿಟಮಿನ್, ಲಿವರ್ ಟಾನಿಕ್ ಅಂತ ಬಾಟಲಿ ಮೇಲೆ ಬಾಟಲಿ. ಮೊಟ್ಟೆ ಮಾರಿದ ದುಡ್ಡೆಲ್ಲ ಅದಕ್ಕೇ ಸರಿಹೋಯಿತು. ಜಂತುಹುಳದ ಔಷಧಿಯೂ ಆಯಿತು. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಗಲಿ ಅಂತ ಬೆಳಗಿನ ಜಾವಕ್ಕೆ ಬಲ್ಬ್ ಹಾಕಿದೆ. ಸಂಜೆ ಹಾಕಿದರೆ ದೀಪ ತಟ್ಟನೆ ಆರಿದಾಗ ಕೂರುವ ಕೋಲು ಹತ್ತಲಾರದೆ ಕತ್ತಲಲ್ಲಿ ಒದ್ದಾಡುತ್ತವೆ. ಒಂದು ಮೊಟ್ಟೆ ಜಾಸ್ತಿ ಬಂದಿರಬಹುದು, ಅಷ್ಟೇ.

ದಾರಿ ಸಿಕ್ಕಿದ್ದು ಒಂದೊಂದೇ ಕೋಳಿ ಹಿಡಿದು ನೋಡಿದಾಗ. ಹಿಂಭಾಗದ ಎರಡು ಚೂಪು ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿದರೆ ಅದು ಇಡುವ ಕೋಳಿ, ಒಂದೇ ಬೆರಳಾದರೆ ನಿಲ್ಲಿಸಿದೆ. ಇದನ್ನು ಹೇಳಿದಾಗ ನಕ್ಕರು. ಸರಿ, ಸಾಕ್ಷಿಗೆ ಬಣ್ಣ ತಂದೆ. ಮೊಟ್ಟೆ ಬರುವ ಜಾಗಕ್ಕೆ ಅಡುಗೆ ಬಣ್ಣ ಸವರಿದರೆ ಸಿಪ್ಪೆ ಮೇಲೆ ಗೆರೆ ಬೀಳುತ್ತದೆ. ಒಂದು ಸಲಕ್ಕೆ ಮೂರು ಕೋಳಿ, ಮೂರು ಬಣ್ಣ. ಬೇಗ ಅಳಿಸಿಹೋಗದ ಹಾಗೆ ಯಾವುದರಲ್ಲಿ ಕಲಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಹಸಿರು ಬಣ್ಣದ ಕೋಳಿಗೆ ಮೂರು ಬೆರಳು ಆರಾಮಾಗಿ ಹಿಡಿಯುತ್ತಿತ್ತು, ಗೂಡಲ್ಲಿ ಮಾತ್ರ ಹಸಿರು ಗೆರೆಯ ಮೊಟ್ಟೆಯೇ ಇಲ್ಲ. ಹುಡುಕಿದರೆ ಸೌದೆ ರಾಶಿಯ ಹಿಂದೆ ಹತ್ತಿರ ಹತ್ತಿರ ಹನ್ನೆರಡು ಮೊಟ್ಟೆ, ಮೇಲಿನ ಎರಡಕ್ಕೆ ಹಸಿರು ಗೆರೆ! ಎರಡು ಕೋಳಿಗಳು ಗರಿ ಉದುರಿಸುತ್ತಿದ್ದವು, ಅವನ್ನು ಎರಡು ಮೂರು ತಿಂಗಳು ಸುಮ್ನೆ ಬಿಡಬೇಕು. ಇನ್ನೆರಡು ಕಾವಿಗೆ ಕೂತಿದ್ದವು. ತಳಕ್ಕೆ ತಂತಿ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತರಕ್ಕಿಟ್ಟು, ಹುಲ್ಲು ಹಾಕದೆ, ನೀರು ಮೇವು ಮಾತ್ರ ಕೊಟ್ಟೆ. ಹೊಟ್ಟೆಗೆ ಗಾಳಿ ತಾಗಿ ಮೂರು ನಾಲ್ಕು ದಿನದಲ್ಲಿ ಕಾವು ಬಿಟ್ಟವು.

ಉಳಿದವುಗಳಲ್ಲಿ ಕೆಲವಕ್ಕೆ ಜುಟ್ಟು ಬಿಳಿಚಿತ್ತು. ಹಗಲು ಮೈ ಕೆದಕಿ ನೋಡಿದರೆ ಏನೂ ಇಲ್ಲ. ರಾತ್ರಿ ಟಾರ್ಚ್ ಹಿಡಿದು ಕೂರುವ ಕೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಲ್ಲಿ ಒರೆಸಿದೆ, ಬಟ್ಟೆ ತುಂಬಾ ರಕ್ತದ ಗೀಟು. ಹಗಲೆಲ್ಲ ಸಂದಿಯಲ್ಲಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿ (ರೆಡ್ ಮೈಟ್) ಅಲ್ವಾ, ಟಾನಿಕ್ ಏನು ಮಾಡೀತು? ಕೋಲು ಬಿಚ್ಚಿ ಕುದಿಯುವ ನೀರು ಸುರಿದು, ಒಣಗಿಸಿ, ಸಂದಿಗೆ ಎಣ್ಣೆ ತುಂಬಿದೆ. ನುಸಿಯ ಮೊಟ್ಟೆ ಒಡೆದು ಮತ್ತೆ ಹುಟ್ಟುತ್ತವೆ, ಹಾಗಾಗಿ ವಾರಕ್ಕೊಮ್ಮೆ ಮತ್ತೆ ಮತ್ತೆ ಅದೇ ಕೆಲಸ. ಮೊಟ್ಟೆ ಜಾಸ್ತಿ ಏರಿದ್ದು ಇದರಿಂದಲೇ.

ಜೊತೆಗೆ ಕಾಳು ಎರಚುವುದನ್ನು ಸಂಜೆಗೆ ಒಂದೆರಡು ಹಿಡಿಗೆ ಇಳಿಸಿದೆ. ಕಾಳಲ್ಲೇ ಹೊಟ್ಟೆ ತುಂಬಿದರೆ ಪ್ರೋಟೀನ್ 16-18% ಇರುವ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಮೇವು) ತಿನ್ನೋದು ಯಾರು? ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ, ಬೇಕಾದವು ತಿನ್ನುತ್ತವೆ. ನಡುವೆ ಚೆಂಡು ಹೂವಿನ ಎಸಳೂ ಹಾಕಿ ನೋಡಿದೆ. ಸಂಖ್ಯೆ ಏನೂ ಏರಲಿಲ್ಲ, ಮೊಟ್ಟೆಯೊಳಗಿನ ಹಳದಿ ಭಂಡಾರ ಮಾತ್ರ ಕೇಸರಿಗೆ ತಿರುಗಿತು, ಕೊಳ್ಳುವವರು ಅದನ್ನೇ ಹೊಗಳುತ್ತಾರೆ!

ಒಂದೇ ಒಂದು ಕೋಳಿ ಇನ್ನೂ ಒಂದು ಬೆರಳಲ್ಲೇ ಇದೆ. ದಿನಕ್ಕೆ ನೂರು ನೂರಿಪ್ಪತ್ತು ಗ್ರಾಂ ತಿನ್ನುತ್ತದೆ. ಮನೆಯವರು ಮಾರಲು ಬಿಡುತ್ತಿಲ್ಲ, ಅದರ ಫೀಡಿನ ಖರ್ಚನ್ನು ಉಳಿದವುಗಳ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.