ಹಮಾಲಿ ಎರಡು ಸಲ

ಸಾಗರದ ಅಡಿಕೆ ಮಂಡಿಯೊಂದಕ್ಕೆ ನಾನು ಬರೆದುಕೊಟ್ಟ ಲೆಕ್ಕದ ತಂತ್ರಾಂಶ ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ರಾಶಿ, ಚಾಲಿ, ಬಿಳೆಗೋಟು, ಕೋಕಾ, ಯಾವುದೇ ಮಾಲಿರಲಿ, ತೂಕ ಮತ್ತು ದರ ಹಾಕಿದರೆ ಬೆಳೆಗಾರರ ಕೈಗೆ ಮಾರಾಟದ ಲೆಕ್ಕದ ಪಟ್ಟಿ ಸಿಗುತ್ತಿತ್ತು. ಸುದ್ದಿ ಹಬ್ಬಿ ಶಿವಮೊಗ್ಗ, ತೀರ್ಥಹಳ್ಳಿಯ ಮಂಡಿಗಳೂ ಕೇಳಿದವು. ತೊಡಕು ಶುರುವಾದದ್ದೇ ಆಗ.

ಒಬ್ಬರಿಗೆ ಹಮಾಲಿಯನ್ನು, ಅಂದರೆ ಮಾಲು ಹೊರುವವರ ಕೂಲಿಯನ್ನು, ಚೀಲದ ಲೆಕ್ಕದಲ್ಲಿ ಕಳೆಯಬೇಕು, ಇನ್ನೊಬ್ಬರಿಗೆ ಕ್ವಿಂಟಾಲ್ ಲೆಕ್ಕದಲ್ಲಿ. ಗಾಡಿ ಬಾಡಿಗೆಯದು ಮತ್ತೊಂದು ಕಥೆ. ಇಲ್ಲ ಎನ್ನಲು ನಾಲಿಗೆ ಏಳದೆ, ಕೇಳಿದವರಿಗೆಲ್ಲ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಆಯ್ಕೆ ಸೇರಿಸುತ್ತ ಹೋದೆ. ಹೌದು-ಇಲ್ಲ ಎಂಬ ಹತ್ತು ಆಯ್ಕೆಗಳೆಂದರೆ 1024 ಬಗೆಯ ತಂತ್ರಾಂಶ. ನಾನು ಪರೀಕ್ಷಿಸಿದ್ದು ಹೆಚ್ಚೆಂದರೆ ಹದಿನೈದು.

ಒಂದು ಮಂಡಿಯಲ್ಲಿ ಹಮಾಲಿಯ ಎರಡೂ ಆಯ್ಕೆಗಳು ಚಾಲೂ ಆಗಿಬಿಟ್ಟಿದ್ದವು. ಹಿರಿಯ ಗುಮಾಸ್ತರು ಪಟ್ಟಿಗೆ ಪೆನ್ಸಿಲ್ ಗೀಟು ಹಾಕಿ ಮುಂದಿಟ್ಟರು: “ಹಮಾಲಿ ಎರಡು ಸಲ ಕಳೆದಿದೆಯಲ್ಲ ಮಾರಾಯರೇ, ಬೆಳೆಗಾರರಿಗೆ ಏನು ಹೇಳಲಿ?”

ನಾಚಿಕೆಯಾಯಿತು. ಆದರೆ ಅವರ ಮೇಜಿನ ಮೇಲಿದ್ದ ಉದ್ದ ಪುಸ್ತಕ ನೋಡಿದ್ದು ಅಂದಿನ ಲಾಭ. ಅದರಲ್ಲಿ ಪ್ರತಿ ಕಡಿತಕ್ಕೂ ಒಂದು ಸಾಲು: ಹೆಸರು, ಯಾವುದರ ಮೇಲೆ, ಎಷ್ಟು. ‘ಯಾವುದರ ಮೇಲೆ’ ಎಂಬಲ್ಲಿ ಮೂರೇ ಬಗೆ: ಚೀಲಕ್ಕೆ, ಕ್ವಿಂಟಾಲಿಗೆ, ನೂರು ರೂಪಾಯಿಗೆ. ಮಂಡಿಯಿಂದ ಮಂಡಿಗೆ ಬದಲಾಗುತ್ತಿದ್ದದ್ದು ಸಾಲುಗಳು ಮಾತ್ರ, ಲೆಕ್ಕದ ರೀತಿಯಲ್ಲ. ನಾನು ದತ್ತಾಂಶವಾಗಬೇಕಿದ್ದುದನ್ನೆಲ್ಲ ಕೋಡ್ ಮಾಡಿಟ್ಟಿದ್ದೆ. ಆ ಪುಸ್ತಕದಂತೆಯೇ ಒಂದು ಕೋಷ್ಟಕ ಮಾಡಿ, ಹತ್ತೂ ಆಯ್ಕೆಗಳನ್ನು ಕಿತ್ತೆಸೆದೆ. ಒಂದು ಹೆಸರು ಒಂದೇ ಸಲ ಬರಬೇಕೆಂಬ ನಿಯಮವನ್ನೂ ಕೋಷ್ಟಕಕ್ಕೇ ಹಾಕಿದೆ.

ಬೆಂಗಳೂರಿನ ಗೆಳೆಯರು ಎಲ್ಲವನ್ನೂ ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ನೆಟ್‌ವರ್ಕ್ ಮೂಲಕ ಮಾತಾಡಿಕೊಳ್ಳುವ ಬಿಡಿಬಿಡಿ ಪ್ರೋಗ್ರಾಂಗಳಾಗಿ, ಒಡೆಯಲು ಹೇಳಿದರು. ಕೆಲಸ ಮಾಡುವವರು ನಾವಿಬ್ಬರು. ಒಡೆದು ಹಂಚುವುದು ಯಾರಿಗೆ? ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಒಂದೇ ಪ್ರೋಗ್ರಾಂ, ದತ್ತಾಂಶಕ್ಕೆಲ್ಲ ಎಸ್‌ಕ್ಯೂಲೈಟ್‌ನ ಒಂದೇ ಕಡತ. ಸಂಜೆ ತಂತ್ರಾಂಶ ಮುಚ್ಚಿ, ಆ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡರೆ ಆಯಿತು.

ಮುಂಗಡದ ಬಡ್ಡಿ ಮಾತ್ರ ಕೋಷ್ಟಕಕ್ಕೆ ಬಗ್ಗಲಿಲ್ಲ. ಬೆಳೆಗಾರರು ಮಳೆಗಾಲದಲ್ಲಿ ಪಡೆದ ಹಣವನ್ನು ಕಂತುಕಂತಾಗಿ, ಕೆಲವೊಮ್ಮೆ ಅಡಿಕೆಯಲ್ಲೇ, ತೀರಿಸುತ್ತಾರೆ. ಆ ವ್ಯವಹಾರವೇ ಗೋಜಲು. ಕೋಡನ್ನು ಚಂದ ಮಾಡಲು ಹೋಗಿ ಎರಡು ಸಲ ಲೆಕ್ಕ ತಪ್ಪಿಸಿದೆ. ಈಗ ಅದು ನಾನೂರು ಸಾಲುಗಳ ಒಂದು ಮೂಲೆಯಲ್ಲಿ, ಬೇರೆ ಯಾವುದಕ್ಕೂ ತಾಗದಂತೆ ಕುಳಿತಿದೆ.

ಕಳೆದ ತಿಂಗಳು ತೀರ್ಥಹಳ್ಳಿಯಿಂದ ಕರೆ ಬಂತು, ಹೊಸದೊಂದು ಕಡಿತ ಸೇರಿಸಬೇಕಂತೆ. ಬಸ್ಸಿನಲ್ಲಿದ್ದೆ. ನಾನು ಹೇಳುತ್ತ ಹೋದೆ, ಅವರೇ ಸಾಲು ತುಂಬಿದರು. ಆಯನೂರು ದಾಟುವಷ್ಟರಲ್ಲಿ ಪಟ್ಟಿ ಮುದ್ರಣವಾಗಿತ್ತು.